ಮೂಗನ್ನೇ ಮಾಪಕ ಮಾಡಿದ ಪದ್ಧತಿ

ಹಂಪಿ ನೋಡಲು ವಿಮಾನದಲ್ಲಿ ಬರುವವರಿಗೆ ಹತ್ತಿರದ ನಿಲ್ದಾಣ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿದೆ. ಜಿಂದಾಲ್ ಉಕ್ಕಿನ ಕಾರ್ಖಾನೆಯ ಮಗ್ಗುಲಿನ ವಿದ್ಯಾನಗರ ನಿಲ್ದಾಣ. ಉಡಾನ್ ಯೋಜನೆಯಡಿ 2017ರಲ್ಲಿ ಇಲ್ಲಿಂದ ಹೈದರಾಬಾದಿಗೆ ಎಟಿಆರ್-72 ಹಾರತೊಡಗಿತು. ಒಂದೇ ವಿಷಾನಿಲದ ಬಗ್ಗೆ ಇಲ್ಲಿ ನೆಲದ ಮೇಲೆ ಒಂದು ಶಿಸ್ತು, ವಿಮಾನದೊಳಗೆ ಇನ್ನೊಂದು. ಊದುಕುಲುಮೆಯ ಅನಿಲದಲ್ಲಿ ಸುಮಾರು ಐದನೇ ಒಂದು ಭಾಗ ಕಾರ್ಬನ್ ಮಾನಾಕ್ಸೈಡ್ (ಸಿಒ). ಹಾಗಾಗಿ ಉಕ್ಕು ಉದ್ಯಮದಲ್ಲಿ ಗ್ಯಾಸ್ ಲೈನಿನ ಬಳಿ ಹೋಗುವವರು ಸಿಒ ಮೀಟರ್ ಸಿಕ್ಕಿಸಿಕೊಂಡು ಹೋಗುವುದು ರೂಢಿ. ಭೋಪಾಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿದ ಪಟ್ಟಿಯ ಪ್ರಕಾರ ಎಂಟು ತಾಸಿನ ಸರಾಸರಿ ಮಿತಿ ಹತ್ತು ಲಕ್ಷಕ್ಕೆ 50 ಭಾಗ. ಅಮೆರಿಕದ ವಿಮಾನ ವಿನ್ಯಾಸ ನಿಯಮ 25.831 ಹೇಳುವುದು 20,000ಕ್ಕೆ ಒಂದು ಭಾಗ ಮೀರಿದರೆ ಅಪಾಯ ಎಂದು. ಲೆಕ್ಕ ಹಾಕಿದರೆ ಅದೂ 50ಕ್ಕೇ ಬಂದು ನಿಲ್ಲುತ್ತದೆ. ಮಿತಿ ಬರೆದಿಟ್ಟವರು ಕ್ಯಾಬಿನ್‌ನಲ್ಲಿ ಅದನ್ನು ಅಳೆಯುವ ಸಾಧನವನ್ನು ಮಾತ್ರ ಕಡ್ಡಾಯ ಮಾಡಲಿಲ್ಲ. ಅಲ್ಲಿರುವ ಮಾಪಕ ಸಿಬ್ಬಂದಿಯ ಮೂಗೊಂದೇ, ಮತ್ತು ಈ ಅನಿಲಕ್ಕೆ ವಾಸನೆಯೇ ಇಲ್ಲ.

ಬೋಯಿಂಗ್ 787 ಬಿಟ್ಟರೆ ಹೆಚ್ಚುಕಮ್ಮಿ ಎಲ್ಲ ಪ್ರಯಾಣಿಕ ವಿಮಾನಗಳಲ್ಲಿ ಉಸಿರಾಡುವ ಗಾಳಿ ಬರುವುದು ಎಂಜಿನ್ ಒತ್ತಿ ಬಿಸಿಮಾಡಿದ ಗಾಳಿಯಿಂದ. ಎಂಜಿನ್ನಿನ ಸೀಲು ಸೋತರೆ ಎಣ್ಣೆ ಆ ಗಾಳಿಗೆ ಇಳಿದು, ಸುಟ್ಟು, ಸಿಒ ಸೇರಿರಬಹುದಾದ ಹೊಗೆಯಾಗಿ ಏರ್ ಕಂಡೀಷನಿಂಗ್ ನಾಳಗಳ ಮೂಲಕ ಒಳಗೆ ಬರುತ್ತದೆ. ಇದು ಬರೀ ಊಹೆಯಲ್ಲ. 2022ರ ಅಕ್ಟೋಬರ್ 12ರಂದು ಗೋವಾದಿಂದ ಹೊರಟ ಸ್ಪೈಸ್‌ಜೆಟ್‌ನ ಕ್ಯೂ400 ವಿಮಾನ ಹೊಗೆ ತುಂಬಿಕೊಂಡು ಹೈದರಾಬಾದಿನಲ್ಲಿ ತುರ್ತಾಗಿ ಇಳಿಯಿತು. ಎಂಜಿನ್ ಎಣ್ಣೆ ಹವಾ ವ್ಯವಸ್ಥೆಗೆ ಸೇರಿದ್ದನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ ಪ್ರಾಥಮಿಕ ತನಿಖೆಯಲ್ಲಿ ಗುರುತಿಸಿತು. ಸ್ಪೈಸ್‌ಜೆಟ್‌ನ ಕ್ಯೂ400ಗಳ ಎಣ್ಣೆಯ ಮಾದರಿಯನ್ನು 15 ದಿನಕ್ಕೊಮ್ಮೆ ಎಂಜಿನ್ ತಯಾರಕರಿಗೆ ಕಳಿಸಬೇಕೆಂದು ಆದೇಶಿಸಿತು. ಒಳ್ಳೆಯ ಆದೇಶವೇ. ಆದರೆ ಅದು ಪರೀಕ್ಷಿಸುವುದು ಎಂಜಿನ್ನಿನ ಆರೋಗ್ಯವನ್ನು. ಹೊಗೆ ಕಣ್ಣಿಗೆ ಕಾಣದ ದಿನ, ಬರೀ ಕೊಳಕು ಕಾಲುಚೀಲದಂಥ ನಾತ ಬಂದ ದಿನ, ಈ ವ್ಯವಸ್ಥೆಯ ಮುಂದೆ ಇರುವುದು ಸಿಬ್ಬಂದಿಯ ಬಾಯಿಮಾತು ಮಾತ್ರ.

ಆಗ ಅವರಿಗಿರುವ ಪಾಠ ಇಷ್ಟು: ನಾತ ಎಲ್ಲಿಂದ, ಎಷ್ಟು ಗಾಢ, ಬಣ್ಣವಿದೆಯೇ ಎಂದು ಪೈಲಟ್‌ಗೆ ತಿಳಿಸು, ಪ್ರಯಾಣಿಕರನ್ನು ಸರಿಸು, ಬೇಕಾದರೆ ಉಸಿರಾಟದ ಹುಡ್ ಹಾಕು. ಪೈಲಟ್‌ಗೆ ಶುದ್ಧ ಆಮ್ಲಜನಕದ ಮಾಸ್ಕ್ ಇದೆ. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಹಳದಿ ಮಾಸ್ಕು ಎತ್ತರದಲ್ಲಿ ಗಾಳಿಯ ಒತ್ತಡ ಇಳಿದಾಗಿನ ಆಸರೆ. ಅದು ಕ್ಯಾಬಿನ್ ಗಾಳಿಯನ್ನೇ ಬೆರೆಸಿಕೊಡುವುದರಿಂದ ವಿಷದ ಹೊಗೆಗೆ ತಡೆಯಾಗದು. ಕೋವಿಡ್ ಕಾಲದಲ್ಲಿ ಕೊಂಡಾಡಿದ ಹೆಪಾ ಫಿಲ್ಟರ್ ಮರುಬಳಕೆಯ ಗಾಳಿಯ ಕಣಗಳನ್ನು ಹಿಡಿಯುತ್ತದೆ, ಅನಿಲವನ್ನಲ್ಲ. ಇನ್ನು ಮೂಗೋ, ಕೆಲ ನಿಮಿಷಗಳಲ್ಲೇ ನಾತಕ್ಕೆ ಒಗ್ಗಿ ಮರಗಟ್ಟುತ್ತದೆ. ಊಟ-ತಿಂಡಿಯ ಗಾಡಿ ಎಳೆಯುತ್ತ ಹೆಚ್ಚು ಉಸಿರೆಳೆಯುವವರಿಗೇ ಅಳತೆಯ ಹೊಣೆ. ವಿಮಾನ ಇಳಿದು ಬಾಗಿಲು ತೆರೆದರೆ ಸಾಕ್ಷಿ ಹಾರಿಹೋಯಿತು. ಆಮೇಲೆ ತಲೆನೋವು, ಕೈನಡುಕ ಎಂದವರಿಗೆ ಆತಂಕವಿರಬೇಕು, ದಣಿವಿರಬೇಕು ಎಂಬ ಉತ್ತರ ಸಲೀಸು. ಈ ಪದ್ಧತಿಯ ದೊಡ್ಡ ದೋಷ ನನಗೆ ಕಾಣುವುದು ಇಲ್ಲಿಯೇ: ಗಾಳಿಯನ್ನು ಪರೀಕ್ಷಿಸದೆ, ಅದನ್ನು ಉಸಿರಾಡಿದವರ ಮಾತನ್ನು ಪರೀಕ್ಷೆಗೆ ಒಡ್ಡುತ್ತದೆ.

ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಅಧ್ಯಯನ ಕ್ಯಾಬಿನ್ ಗಾಳಿ ಸಾಮಾನ್ಯ ಕಟ್ಟಡಗಳಷ್ಟೇ ಚೆನ್ನಾಗಿದೆ ಎಂದಿತಲ್ಲ ಎಂದು ಕೇಳಬಹುದು. ನಿಜ, ಆದರೆ ಅಳೆದದ್ದು ಸೀಲು ನೆಟ್ಟಗಿದ್ದ ಮಾಮೂಲಿ ಹಾರಾಟಗಳನ್ನು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಮೀಟರ್ ಇದ್ದರೂ ಸಾವು ನಿಲ್ಲದು ಎಂಬುದು. 2014ರಲ್ಲಿ ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿ ಅನಿಲ ಸೋರಿ ಆರು ಮಂದಿ ಸತ್ತರು, 2021ರಲ್ಲಿ ರೂರ್ಕೆಲಾದಲ್ಲಿ ನಾಲ್ವರು. ಮೀಟರ್ ಜೀವ ಉಳಿಸುವ ತಾಯಿತ ಎಂದು ನಾನೂ ಹೇಳಲಾರೆ. ಜೊತೆಗೆ, ಸಿಒ ಮೀಟರು ಎಣ್ಣೆಯಲ್ಲಿನ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ವಿಷಕಾರಿ ರಾಸಾಯನಿಕವನ್ನು ಹಿಡಿಯುವುದಿಲ್ಲ. ಹುಸಿ ಎಚ್ಚರಿಕೆ ಕೊಟ್ಟು ವಿಮಾನದ ದಾರಿ ಬದಲಿಸುವಂತೆ ಮಾಡಲೂಬಹುದು. ಹಾಗೆಂದು ಅಳೆಯುವುದೇ ಬೇಡ ಎನ್ನುವುದು ಹೊಂದದ ಮಾತು. ಸಿಬ್ಬಂದಿಯ ಆಸನದ ಬಳಿ ಒಂದು ಸಿಒ ಮೀಟರು, ಗಾಳಿಯನ್ನು ಹೀರಿ ಪ್ರಯೋಗಾಲಯಕ್ಕೆ ಉಳಿಸುವ ಒಂದು ಕೊಳವೆ ಇದ್ದರೆ ಅಳತೆ ಇಲ್ಲದ, ಸಾಕ್ಷಿ ಉಳಿಯದ ಎರಡು ಲೋಪಗಳೂ ಬಹುಮಟ್ಟಿಗೆ ಕಡಿಮೆಯಾಗುತ್ತವೆ. ತೋರಣಗಲ್ಲಿನಂಥ ಸಣ್ಣ ನಿಲ್ದಾಣಕ್ಕೆ ಇದು ಇನ್ನೂ ಅಗತ್ಯ. ಬಂದ ವಿಮಾನ ಸ್ವಲ್ಪ ಹೊತ್ತಿನಲ್ಲೇ ಮರಳಬೇಕು. ನಾತದ ದೂರನ್ನು ನಂಬಿ ಅದನ್ನು ನಿಲ್ಲಿಸಬೇಕೇ ಎಂದು ತೀರ್ಮಾನಿಸುವವರ ಕೈಯಲ್ಲಿ ಆಗ ಒಂದು ಅಂಕಿಯಾದರೂ ಇರುತ್ತದೆ.