ಕಾರು ನಿಲ್ಲುವಲ್ಲಿಗೆ ಮುಗಿಯುವ ಪುಣೆ

ಪುಣೆಯನ್ನು ಕಾರಿನಲ್ಲಿ ಕೂತು ನೋಡಲಾಗದು ಎಂದು ಸಾರಾಸಗಟಾಗಿ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೊಣಕಾಲು ನೋವಿನ ಅಜ್ಜಿ, ಕಂಕುಳಲ್ಲಿ ಕೂಸು, ಏಪ್ರಿಲ್ ತಿಂಗಳ ಬಿಸಿಲು, ಊರಿಗೆ ಮರಳಲು ರಾತ್ರಿಯ ಬಸ್ಸು, ಇಷ್ಟನ್ನೆಲ್ಲ ಕಟ್ಟಿಕೊಂಡು ಬಂದ ಕುಟುಂಬಕ್ಕೆ ಒಂದು ದಿನದ ಮಟ್ಟಿಗೆ ಸ್ವಂತಕ್ಕೊಂದು ಕಾರು, ಅದಕ್ಕೊಬ್ಬ ಡ್ರೈವರ್, ಜೊತೆಗೊಬ್ಬ ಗೈಡ್ ಸಿಕ್ಕರೆ ಅದನ್ನು ಐಷಾರಾಮ ಎನ್ನಬಾರದು. ನಗರ ಸಾರಿಗೆಯ ‘ಪುಣೆ ದರ್ಶನ’ ಬಸ್ಸೂ ಇದೆ. ಆದರೆ ಅದನ್ನು ಹತ್ತಿದ ಮೇಲೆ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಖಾಸಗಿ ಕಾರಿನಲ್ಲಿ ಅದು ನಮ್ಮ ಕೈಯಲ್ಲಿರುತ್ತದೆ ಎಂದು ನಂಬಿಯೇ ಹೆಚ್ಚಿನ ದುಡ್ಡು ಕೊಡುತ್ತೇವೆ. ಪುಣೆಯಲ್ಲಿ ನೆಲೆಸಿ, ಹುಬ್ಬಳ್ಳಿ–ಧಾರವಾಡದ ಕಡೆಯಿಂದ ಬರುವ ಬಂಧುಗಳ ಜೊತೆ ಇಂಥ ಕಾರುಗಳಲ್ಲಿ ಮತ್ತೆ ಮತ್ತೆ ಸುತ್ತಿದ ನನಗೆ, ಈ ಪದ್ಧತಿಯನ್ನು ಒಂದು ನಾಟಕವನ್ನೋ ಪುಸ್ತಕವನ್ನೋ ಅಳೆಯುವಷ್ಟೇ ಗಂಭೀರವಾಗಿ ಅಳೆಯಬೇಕು ಅನ್ನಿಸಿದೆ. ಹೊರಗಿನವರ ಮನಸ್ಸಿನಲ್ಲಿ ಒಂದು ಊರು ಏನಾಗಿ ಉಳಿಯುತ್ತದೆ ಎಂಬುದನ್ನು ಇವತ್ತು ಇತಿಹಾಸಕಾರರಿಗಿಂತ ಹೆಚ್ಚಾಗಿ ತೀರ್ಮಾನಿಸುತ್ತಿರುವವರು ಇಬ್ಬರು: ಸ್ಟೇರಿಂಗ್ ಹಿಡಿದವರು ಮತ್ತು ಪಕ್ಕದ ಸೀಟಿನಿಂದ ಹಿಂದಕ್ಕೆ ತಿರುಗಿ ಮಾತಾಡುವವರು.

ಲೆಕ್ಕ ಸರಳ. ಎಂಟು ತಾಸು, ಎಂಬತ್ತು ಕಿಲೋಮೀಟರ್. ಮೇಲಾದರೆ ತಾಸಿಗಿಷ್ಟು, ಕಿಲೋಮೀಟರಿಗಿಷ್ಟು. ಟೋಲ್, ಪಾರ್ಕಿಂಗ್ ಬೇರೆ. ಗೈಡಿನ ದುಡ್ಡು ಬೇರೆ. ಪಟ್ಟಿಯೂ ಹೆಚ್ಚುಕಡಿಮೆ ಒಂದೇ: ಆಗಾಖಾನ್ ಅರಮನೆ, ಶನಿವಾರವಾಡೆ, ಲಾಲ್ ಮಹಲ್, ದಗಡೂಶೇಠ್ ಗಣಪತಿ, ಕೇಳ್ಕರ್ ಮ್ಯೂಸಿಯಂ, ಹೊತ್ತು ಉಳಿದರೆ ಪರ್ವತಿ ಗುಡ್ಡ. ಈ ಪಟ್ಟಿಯನ್ನು ಯಾವ ಇತಿಹಾಸವೂ ಬರೆದಿಲ್ಲ, ಪಾರ್ಕಿಂಗ್ ಬರೆದಿದೆ. ನಗರ್ ರಸ್ತೆಯ ಆಗಾಖಾನ್ ಅರಮನೆಯಲ್ಲಿ ಗಾಡಿ ನಿಲ್ಲಿಸಲು ಬೇಕಾದಷ್ಟು ಜಾಗವಿದೆ, ಆದ್ದರಿಂದ ಅದು ಯಾವತ್ತೂ ತಪ್ಪುವುದಿಲ್ಲ. ಹಳೆಯ ಪೇಟೆಗಳ ಕಥೆ ಬೇರೆ. ಶಿವಾಜಿ ರಸ್ತೆ, ಬಾಜೀರಾವ್ ರಸ್ತೆ ಎರಡೂ ಒನ್ ವೇ. ಲಕ್ಷ್ಮೀ ರಸ್ತೆಯಲ್ಲಿ ಇವತ್ತು ಈ ಬದಿ, ನಾಳೆ ಆ ಬದಿ ಎನ್ನುವ ಪಿ-1, ಪಿ-2 ಫಲಕಗಳು. ಡ್ರೈವರ್ ನಮ್ಮನ್ನು ಇಳಿಸಿ, ಗಾಡಿ ಎಲ್ಲೋ ಸುತ್ತಾಡಿಸಿ, ಫೋನ್ ಮಾಡಿದಾಗ ಬರಬೇಕು. ಆ ಫೋನಿನ ಧಾವಂತವೇ ದಿನದ ಗತಿಯನ್ನು ಕಟ್ಟುತ್ತದೆ.

ನೋಡಿದರೆ ಶನಿವಾರವಾಡೆಯ ದಿಲ್ಲಿ ದರವಾಜಾದಿಂದ ಮಂಡಈ ಮಾರುಕಟ್ಟೆಯವರೆಗಿನ ದಾರಿ ಸುಮಾರು ಒಂದು ಕಿಲೋಮೀಟರ್. ಅದರ ಆಸುಪಾಸಿನಲ್ಲೇ ಲಾಲ್ ಮಹಲ್, ಊರಿನ ಗ್ರಾಮದೈವವಾದ ಕಸಬಾ ಗಣಪತಿ, ದಗಡೂಶೇಠ್ ದೇವಸ್ಥಾನ, ಎರಡನೇ ಬಾಜೀರಾಯನ ವಿಶ್ರಾಮಬಾಗ್ ವಾಡೆ, ತಾಮ್ರ–ಹಿತ್ತಾಳೆ ಪಾತ್ರೆಗಳ ತುಳಶೀಬಾಗ್ ಎಲ್ಲವೂ ಬಂದುಬಿಡುತ್ತವೆ. ಕಾಲಲ್ಲಿ ಶಕ್ತಿ ಇರುವವರು ಈ ದಾರಿಯನ್ನು ಕಾರಿನಲ್ಲಿ ತುಂಡು ತುಂಡಾಗಿ ನೋಡುವುದರಲ್ಲಿ ಅರ್ಥವೇ ಇಲ್ಲ. 2024ರ ಸೆಪ್ಟೆಂಬರಿನಿಂದ ಕಸಬಾ ಪೇಠ್, ಮಂಡಈ ಎರಡೂ ಕಡೆ ನೆಲದಡಿಯ ಮೆಟ್ರೋ ನಿಲ್ದಾಣಗಳು ತೆರೆದಿವೆ. ಆದರೂ ಪ್ಯಾಕೇಜುಗಳು ಕಾರಿನ ಹಳೆಯ ಹಾದಿ ಬಿಟ್ಟಿಲ್ಲ.

ಈ ಅವಸರದಲ್ಲಿ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ದಗಡೂಶೇಠ್ ಗಣಪತಿಯ ಎದುರಿಗೆ ಭಿಡೆ ವಾಡೆ ಇತ್ತು. 1848ರ ಜನವರಿ 1ರಂದು ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಆ ಮನೆಯಲ್ಲಿ. ಶಿಥಿಲವಾಗಿದ್ದ ಕಟ್ಟಡವನ್ನು ಕೋರ್ಟಿನ ದೀರ್ಘ ವ್ಯಾಜ್ಯ ಮುಗಿದ ಮೇಲೆ, 2023ರ ಡಿಸೆಂಬರಿನಲ್ಲಿ, ರಾಷ್ಟ್ರೀಯ ಸ್ಮಾರಕ ಕಟ್ಟುವುದಕ್ಕಾಗಿ ಕೆಡವಿದರು. ಸಾವಿತ್ರಿಬಾಯಿಯ ಹೆಸರು ಗೊತ್ತಿಲ್ಲದ ಶಾಲೆಯ ಮಗು ಇವತ್ತು ಕರ್ನಾಟಕದಲ್ಲಿಯೂ ಇರಲಿಕ್ಕಿಲ್ಲ. ಗಣಪತಿಗೆ ಕೈಮುಗಿದು ತಿರುಗಿ ನಿಂತರೆ ಕಣ್ಣೆದುರಿಗೇ ಆ ಜಾಗ. ನಾನು ಕಂಡ ಹೆಚ್ಚಿನ ಗೈಡುಗಳು ಆ ದಿಕ್ಕಿಗೆ ಕೈ ತೋರಿಸಿಲ್ಲ. ಕಾರು ಬಂದಿರುತ್ತದೆ, ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿರುತ್ತಾನೆ, ಎಲ್ಲರೂ ಓಡಿ ಹತ್ತಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇದು ಈ ಪದ್ಧತಿಯ ಅತಿ ದೊಡ್ಡ ದೋಷ.

ಹಾಗಾದರೆ ಗೈಡ್ ಬೇಡವೇ? ಬೇಕೇ ಬೇಕು, ಅದರಲ್ಲೂ ಶನಿವಾರವಾಡೆಯಲ್ಲಿ. ಒಂದನೇ ಬಾಜೀರಾಯ 1730ರಲ್ಲಿ ಅಡಿಗಲ್ಲು ಹಾಕಿ 1732ರಲ್ಲಿ ಗೃಹಪ್ರವೇಶ ಮಾಡಿದ ಈ ಅರಮನೆ 1828ರ ಬೆಂಕಿಯಲ್ಲಿ ಸುಟ್ಟುಹೋಯಿತು. ತೇಗದ ತೊಲೆಗಂಬಗಳ ಮಹಡಿಗಳು ಹೋಗಿ ಉಳಿದದ್ದು ಕೋಟೆಗೋಡೆ, ದರವಾಜಾಗಳು, ಕಲ್ಲಿನ ಜಗಲಿಗಳು, ಹಜಾರಿ ಕಾರಂಜಿಯ ತಳ. ಹೇಳುವವರಿಲ್ಲದಿದ್ದರೆ ಒಳಗೆ ಕಾಣುವುದು ಒಂದು ಉದ್ಯಾನ ಮಾತ್ರ. ಇಲ್ಲಿ ಊರು ಕಟ್ಟಿಕೊಡಬೇಕಾದದ್ದು ಮಾತು, ಅಂದರೆ ಗೈಡಿನ ನಿಜವಾದ ಪರೀಕ್ಷೆ ಇಲ್ಲೇ. ಮತ್ತು ಇಲ್ಲೇ ಅವರಲ್ಲಿ ಬಹಳಷ್ಟು ಜನ ಸೋಲುತ್ತಾರೆ. 1773ರ ಆಗಸ್ಟ್ 30ರಂದು ಹದಿನೆಂಟರ ಹರೆಯದ ಪೇಶ್ವೆ ನಾರಾಯಣರಾವ್‌ನನ್ನು ಗಾರ್ದಿ ಸೈನಿಕರು ಇದೇ ವಾಡೆಯೊಳಗೆ ಅಟ್ಟಿಸಿಕೊಂಡು ಹೋಗಿ ಕಡಿದರು. ಚಿಕ್ಕಪ್ಪ ರಘುನಾಥರಾವ್‌ನತ್ತ ಓಡುತ್ತಾ ಆತ ಕೂಗಿದನೆನ್ನುವ ಮಾತು ಹುಣ್ಣಿಮೆ ರಾತ್ರಿಯಲ್ಲಿ ಈಗಲೂ ಕೇಳುತ್ತದೆ ಎಂಬ ಭೂತದ ಕಥೆಗೆ ಗೈಡುಗಳು ದನಿ ಇಳಿಸಿ, ಕಣ್ಣರಳಿಸಿ ಕಾಲು ತಾಸು ಕೊಡುತ್ತಾರೆ. ಮಕ್ಕಳು ಹೆದರುತ್ತವೆ, ದೊಡ್ಡವರು ಫೋಟೋ ತೆಗೆಯುತ್ತಾರೆ, ಮುಂದಿನ ಜಾಗಕ್ಕೆ ನಡೆ.

ಒಮ್ಮೆ ಧಾರವಾಡದ ನಮ್ಮ ದೊಡ್ಡವ್ವ ಈ ಕಥೆ ಮುಗಿಯುವುದನ್ನು ಕಾದು, ಸೆರಗಿನಿಂದ ಮುಖ ಒರೆಸಿಕೊಂಡು ಗೈಡನ್ನು ಕೇಳಿದಳು: “ತಮ್ಮಾ, ಆ ಹುಡುಗನ್ನ ಕೊಂದಾವರಿಗೆ ಏನ್ ಶಿಕ್ಷಾ ಆತು?” ನಾನು ಮರಾಠಿಯಲ್ಲಿ ಹೇಳಿದೆ. ಗೈಡ್ ಒಂದು ಗಳಿಗೆ ಅವಳನ್ನೇ ನೋಡಿದ. ಇಪ್ಪತ್ತೈದರ ಹುಡುಗ. “ಆಜಿ, ಇದನ್ನ ಯಾರೂ ಕೇಳೂದಿಲ್ಲ” ಎಂದು ಜಗಲಿಯ ಅಂಚಿನಲ್ಲಿ ಕೂತ, ಅವಳನ್ನೂ ಕೂರಿಸಿದ. ಆಮೇಲೆ ಅವನು ಹೇಳಿದ್ದು ರಾಮಶಾಸ್ತ್ರಿ ಪ್ರಭುಣೆಯ ವಿಷಯ: ಪೇಶ್ವೆಗಳ ನ್ಯಾಯಾಧೀಶ, ಕೊಲೆಯ ತನಿಖೆ ನಡೆಸಿ ಅಧಿಕಾರದಲ್ಲಿ ಕೂತ ರಘುನಾಥರಾವ್‌ನನ್ನೇ ಅಪರಾಧಿ ಎಂದವನು, ನ್ಯಾಯವಿಲ್ಲದ ಊರಲ್ಲಿ ಇರಲಾರೆನೆಂದು ಪುಣೆ ಬಿಟ್ಟು ನಡೆದವನು, ಅನಂತರ ಮಂತ್ರಿಗಳು ಕೂಡಿ ಕಟ್ಟಿದ ‘ಬಾರಭಾಯಿ’ ಕೂಟ ರಘುನಾಥರಾವ್‌ನನ್ನು ಗಾದಿಯಿಂದ ಇಳಿಸಿದ್ದು, ಅವನು ಮುಂಬಯಿಯ ಇಂಗ್ಲಿಷರ ಆಸರೆಗೆ ಹೋದದ್ದು, ಅದರಿಂದ ಯುದ್ಧ ಹೊತ್ತಿದ್ದು. ಹುಡುಗನಿಗೆ ಎಲ್ಲವೂ ಗೊತ್ತಿತ್ತು. ಹೇಳುವಾಗ ಅವನ ದನಿಯಲ್ಲಿ ಭೂತದ ಕಥೆಯ ನಾಟಕವಿರಲಿಲ್ಲ, ಮುಖದಲ್ಲಿ ಬೇರೆಯೇ ಕಳೆಯಿತ್ತು. ದೊಡ್ಡವ್ವ “ಹಂಗಾರ ಒಬ್ಬಾವರೆ ಇದ್ದ” ಎಂದಳು. ಈ ಪದ್ಧತಿಯಿಂದ ಸಿಗಬಹುದಾದ ಅತ್ಯುತ್ತಮವಾದದ್ದು ಏನೆಂದು ನಾನು ಕಂಡದ್ದು ಆ ಜಗಲಿಯ ಮೇಲೆ. ಗೈಡಿಗೆ ಗೊತ್ತಿರುವುದಕ್ಕೂ ಅವನಿಂದ ಮಾರಾಟವಾಗುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನೂ ಅಲ್ಲೇ ಕಂಡೆ.

ಆಗಾಖಾನ್ ಅರಮನೆಯಲ್ಲಿ ಈ ತೊಂದರೆ ಕಡಿಮೆ. 1892ರಲ್ಲಿ ಮೂರನೇ ಆಗಾಖಾನ್ ಕಟ್ಟಿಸಿದ ಈ ಮನೆಯಲ್ಲಿ 1942ರ ಆಗಸ್ಟ್‌ನಿಂದ 1944ರ ಮೇ 6ರವರೆಗೆ ಗಾಂಧೀಜಿ ಸೆರೆಯಲ್ಲಿದ್ದರು. ಬಂದ ಒಂದು ವಾರದೊಳಗೆ, ಆಗಸ್ಟ್ 15ರಂದು, ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ತೀರಿಕೊಂಡರು. 1944ರ ಫೆಬ್ರವರಿ 22, ಶಿವರಾತ್ರಿಯ ದಿನ, ಕಸ್ತೂರಬಾ ಹೋದರು. ಇಬ್ಬರ ಸಮಾಧಿಯೂ ಹಿಂದಿನ ತೋಟದಲ್ಲಿದೆ. ಈ ಸಂಗತಿಗಳಿಗೆ ಮಸಾಲೆ ಬೇಕಿಲ್ಲ, ಗೈಡುಗಳೂ ಹಾಕುವುದಿಲ್ಲ. ಕಸ್ತೂರಬಾ ಇದ್ದ ಕೋಣೆಯ ಬಾಗಿಲಲ್ಲಿ ಹೆಚ್ಚಿನವರು ತಾವಾಗಿಯೇ ದನಿ ತಗ್ಗಿಸುತ್ತಾರೆ. ಇದೊಂದು ಜಾಗಕ್ಕೆ ಕಾರು, ಡ್ರೈವರ್, ಗೈಡ್ ಮೂರೂ ಸಾರ್ಥಕ. ಪೇಟೆಯಿಂದ ದೂರ, ದಾರಿಯಲ್ಲಿ ಕೂತು ಕೇಳಲು ಸಮಯ, ಇಳಿದರೆ ನೆರಳು.

ಕೇಳ್ಕರ್ ಮ್ಯೂಸಿಯಂಗೆ ಮಾತ್ರ ದೊಡ್ಡ ಅನ್ಯಾಯವಾಗುತ್ತಿದೆ. ದಿನಕರ ಕೇಳ್ಕರ್ ಎಂಬ ಕವಿಮನಸ್ಸಿನ ಸಂಗ್ರಾಹಕ, ಚಿಕ್ಕಂದಿನಲ್ಲೇ ತೀರಿಹೋದ ಮಗ ರಾಜಾನ ನೆನಪಿಗೆ, ಜೀವಮಾನವಿಡೀ ಊರೂರು ಅಲೆದು ಕೂಡಿಸಿದ ವಸ್ತುಗಳು ಇಲ್ಲಿವೆ. 1975ರಲ್ಲಿ ಎಲ್ಲವನ್ನೂ ಸರ್ಕಾರಕ್ಕೆ ಕೊಟ್ಟುಬಿಟ್ಟರು. ರಾಜರ ಕತ್ತಿಗಿಂತ ಮನೆಮಂದಿಯ ಸಾಮಾನೇ ಇಲ್ಲಿ ಹೆಚ್ಚು: ದೀಪಗಳು, ಶಾವಿಗೆ ಒತ್ತುವ ಮಣೆಗಳು, ಬಾಗಿಲು ಚೌಕಟ್ಟುಗಳು, ವಾದ್ಯಗಳು. ಅಡಕತ್ತಿಗಳ ಕಪಾಟಿನೆದುರು ಉತ್ತರ ಕರ್ನಾಟಕದ ಯಾವ ಹೆಂಗಸೂ ಹತ್ತು ನಿಮಿಷಕ್ಕೆ ಕಡಿಮೆ ನಿಂತದ್ದನ್ನು ನಾನು ಕಂಡಿಲ್ಲ: ನವಿಲಿನ ಆಕಾರದ್ದು, ಗಂಡು–ಹೆಣ್ಣು ಎದುರುಬದುರಾಗಿ ನಿಂತದ್ದು, ಹಿಡಿಯಲ್ಲಿ ಸುಣ್ಣದ ಡಬ್ಬಿ ಸೇರಿಸಿದ್ದು. ಆದರೆ ಪ್ಯಾಕೇಜು ಇದಕ್ಕೆ ಕೊಡುವುದು ಮುಕ್ಕಾಲು ತಾಸು, ಅದರಲ್ಲೂ ಅರ್ಧ ಕೋಥ್ರೂಡಿನಿಂದ ಕಳಚಿ ತಂದು ಜೋಡಿಸಿದ, ಒಂದನೇ ಬಾಜೀರಾಯನ ಮಡದಿ ಮಸ್ತಾನಿಯ ಮಹಲಿಗೆ. 2015ರ ಸಿನಿಮಾದ ಕೃಪೆಯಿಂದ ಜನ ಮಸ್ತಾನಿಯನ್ನು ಕೇಳುತ್ತಾರೆ, ಗೈಡ್ ತೋರಿಸುತ್ತಾರೆ. ಉಳಿದ ಮಹಡಿಗಳಲ್ಲಿ ಹೆಸರಿಲ್ಲದ ಕಮ್ಮಾರರ, ಬಡಗಿಗಳ ಕೈಚಳಕ ಯಾರೂ ವಿವರಿಸದೆ ಕೂತಿರುತ್ತದೆ.

ಕಾಶಿಗೆ ಹೋದವರಿಗೆ ಪಂಡಾಗಳ ಪರಿಚಯವಿದ್ದೇ ಇರುತ್ತದೆ. ಪಂಡಾ ಮೊದಲು ಕೇಳುವುದು ನೀನು ಯಾರು, ಯಾವ ಊರು, ಯಾರ ಮೊಮ್ಮಗ ಎಂದು. ವಹಿ ಬಿಚ್ಚಿ ನಮ್ಮಜ್ಜ ಬಂದುಹೋದ ವರ್ಷ ತೋರಿಸಿ, ಆಮೇಲೆ ಗಂಗೆಯ ಮಾತು. ಪುಣೆಯ ಗೈಡುಗಳು ಕನ್ನಡ ಕುಟುಂಬವನ್ನು ಹಾಗೆ ಕೇಳಿದರೆ ಅವರ ದಿನವೇ ಬೇರೆಯಾಗುತ್ತದೆ. ಏಕೆಂದರೆ ಈ ಪ್ರಾಂತ್ಯದ ಹೆಸರು ದಾಖಲೆಗೆ ಬರುವುದೇ ಕನ್ನಡ ನಾಡಿನ ಅರಸರ ಶಾಸನದಲ್ಲಿ. ಪುಣೆ ಜಿಲ್ಲೆಯ ತಳೇಗಾವ್‌ನಲ್ಲಿ ಸಿಕ್ಕ, 768ನೆಯ ಇಸವಿಯ ತಾಮ್ರಪಟದಲ್ಲಿ ‘ಪುನಕ ವಿಷಯ’ ಎಂದಿದೆ. ಹೊರಡಿಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ, ಎಲ್ಲೋರದ ಕೈಲಾಸ ಕೊರೆಸಿದವನು. ಆಗ ಅವನ ಬೀಡು ಇದ್ದದ್ದು ಗಂಗರ ಮಣ್ಣೆಯಲ್ಲಿ, ಅಂದರೆ ಇವತ್ತಿನ ನೆಲಮಂಗಲ ತಾಲ್ಲೂಕಿನ ಹಳ್ಳಿಯಲ್ಲಿ. ಬೆಂಗಳೂರಿನಿಂದ ಪುಣೆಗೆ ಹೆದ್ದಾರಿ ಹಿಡಿದು ಬರುವ ಕುಟುಂಬ ನೆಲಮಂಗಲ ದಾಟಿಯೇ ಬಂದಿರುತ್ತದೆ. ಅವರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಂಗತಿ ಯಾವುದಿದೆ?

ಅದೇ ರಾಷ್ಟ್ರಕೂಟರ ಕಾಲದ ಪಾತಾಳೇಶ್ವರ ಗುಹಾಲಯ ಊರಿನ ನಟ್ಟನಡುವೆ, ಜಂಗಲಿ ಮಹಾರಾಜ್ ರಸ್ತೆಯ ಬದಿಗೇ ಇದೆ. ಕರಿಯ ಬಂಡೆಯನ್ನು ನೆಲಮಟ್ಟದಿಂದ ಕೆಳಕ್ಕೆ ಕಡೆದು ಮಾಡಿದ ಅಂಗಳ, ಮಧ್ಯೆ ಛತ್ರಿಯಂತೆ ದುಂಡಗಿನ ನಂದಿಮಂಟಪ, ಒಳಗೆ ಕೆಲಸ ಅರ್ಧಕ್ಕೇ ಬಿಟ್ಟ ಉಳಿಯ ಗುರುತುಗಳು. ಟಿಕೆಟಿಲ್ಲ, ಗದ್ದಲವಿಲ್ಲ. ಪಟ್ಟಿಯಲ್ಲಿ ಹೆಸರಿದ್ದಾಗಲೂ ಹೊತ್ತಾಯಿತೆಂದು ಮೊದಲು ಕೈಬಿಡುವುದು ಇದನ್ನೇ. ಒಂದು ಸಾವಿರ ವರ್ಷ ಹಿಂದಕ್ಕೆ ಕರೆದೊಯ್ಯುವ ಜಾಗ ಬಿಟ್ಟು, ಎಂಬತ್ತರ ದಶಕದಲ್ಲಿ ಹೊಸದಾಗಿ ಕಟ್ಟಿದ ಲಾಲ್ ಮಹಲಿನ ಎದುರು ಅರ್ಧ ತಾಸು ನಿಲ್ಲಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಹತ್ತಿರದ ಕಾಲಕ್ಕೆ ಬಂದರೂ ಅಷ್ಟೇ. ಫರ್ಗ್ಯುಸನ್ ಕಾಲೇಜಿನಲ್ಲಿ ಬೇಂದ್ರೆ ಓದಿ 1918ರಲ್ಲಿ ಪದವಿ ಪಡೆದರು. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ಕೊನೆಯುಸಿರೆಳೆದದ್ದು ಈ ಊರಲ್ಲಿ. ಮರುವರ್ಷ ಗದಗಿನ ಭೀಮಸೇನ ಜೋಶಿಯವರು ಗುರುವಿನ ಹೆಸರಲ್ಲಿ ಆರಂಭಿಸಿದ ಸಂಗೀತೋತ್ಸವ ಪುಣೆಯ ಡಿಸೆಂಬರ್ ತಿಂಗಳನ್ನೇ ತನ್ನದಾಗಿಸಿಕೊಂಡಿದೆ. ಕಾರು ಫರ್ಗ್ಯುಸನ್ ರಸ್ತೆಯಲ್ಲಿ ಹಾಯುವಾಗ ತೋರಿಸುವುದು ವೈಶಾಲಿ ಹೋಟೆಲನ್ನು. ತೋರಿಸಲಿ, ಅದನ್ನು ಬೆಳೆಸಿದ ಜಗನ್ನಾಥ ಶೆಟ್ಟರೂ ನಮ್ಮ ಕರಾವಳಿಯವರೇ. ಆದರೆ ಗೇಟಿನೊಳಗೆ ಕಾಣುವ ಕಾಲೇಜಿನ ಬಗ್ಗೆ ಒಂದು ಮಾತೂ ಇಲ್ಲದೆ ಹೋಗಬಾರದು.

ಇದೆಲ್ಲಕ್ಕೂ ಗೈಡೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಭೂತ ಹೇಳಿದರೂ ರಾಮಶಾಸ್ತ್ರಿ ಹೇಳಿದರೂ ದಿನದ ಕೂಲಿ ಒಂದೇ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದ್ದವರೂ ಇದ್ದಾರೆ, ಟ್ರಾವೆಲ್ಸಿನವರು ಕಳಿಸಿದ ಹುಡುಗರೂ ಇದ್ದಾರೆ. ಬುಕಿಂಗ್ ಮಾಡುವಾಗ ಯಾರು ಬರುತ್ತಾರೆಂದು ನಾವು ಕೇಳುವುದೇ ಇಲ್ಲ. ಕಾರಿನ ಮಾಡೆಲ್ ಕೇಳುತ್ತೇವೆ, ಏಸಿ ಇದೆಯೇ ಕೇಳುತ್ತೇವೆ. ಹಂಪಿಯಲ್ಲಿ ಸರ್ಕಾರದ ಚೀಟಿ ಇರುವ ಗೈಡನ್ನೇ ಹುಡುಕಿ, ಎರಡು ದಿನ ಅವರ ಹಿಂದೆ ಬಿಸಿಲಲ್ಲಿ ನಡೆಯುವ ನಮ್ಮ ಜನ, ಪುಣೆಗೆ ಬಂದಾಗ ಅದೇ ಆಸ್ಥೆ ಏಕೆ ತೋರಿಸಬಾರದು? ಬೆಳಿಗ್ಗೆ ಆಗಾಖಾನ್ ಅರಮನೆ, ಪಾತಾಳೇಶ್ವರ ಎರಡಕ್ಕೆ ಕಾರು. ಆಮೇಲೆ ಶನಿವಾರವಾಡೆಯಲ್ಲಿ ಇಳಿದು, ಗಾಡಿಯನ್ನು ಸ್ವಾರಗೇಟ್ ಕಡೆಗೆ ಕಳಿಸಿ, ಗೈಡ್ ಜೊತೆ ಪೇಟೆಯೊಳಗೆ ಮಂಡಈವರೆಗೆ ಕಾಲ್ನಡಿಗೆ. ನಡೆಯಲಾಗದ ಹಿರಿಯರಿಗೆ ಆ ಹೊತ್ತು ಕೇಳ್ಕರ್ ಮ್ಯೂಸಿಯಂ. ಇಷ್ಟು ಬದಲಾಯಿಸಿದರೂ ದುಡ್ಡು ಅಷ್ಟೇ, ಊರು ಮಾತ್ರ ಎರಡು ಪಟ್ಟು.

ಇನ್ನು ಡ್ರೈವರ್. ಈ ಮೂರರಲ್ಲಿ ಎಲ್ಲರೂ ಮರೆಯುವುದು ಇವರನ್ನು. ಗೈಡ್ ಮಾತಾಡುವಾಗ ಡ್ರೈವರ್ ಸುಮ್ಮನಿರಬೇಕೆಂಬುದು ಈ ವ್ಯವಹಾರದ ಅಲಿಖಿತ ನಿಯಮ. ಮುಠಾ ನದಿಯ ಸೇತುವೆ ದಾಟುವಾಗ, 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ದಂಡೆಯ ಪೇಟೆಗಳು ಮುಳುಗಿದ್ದನ್ನು ನಮಗೆ ಹೇಳಿದವರು ಗೈಡ್ ಅಲ್ಲ, ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರಿಂದ ಕೇಳಿ ತಿಳಿದಿದ್ದ ಡ್ರೈವರ್, ಅದೂ ಗೈಡ್ ಚಹಾಕ್ಕೆ ಇಳಿದಿದ್ದಾಗ. ಪುಣೆಯ ಟ್ಯಾಕ್ಸಿಗಳಲ್ಲಿ ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ಸಾಕಷ್ಟಿದ್ದಾರೆ. ಮನೆಯಲ್ಲಿ ಕನ್ನಡ, ಗಿರಾಕಿಯ ಜೊತೆ ಹಿಂದಿ. ಒಬ್ಬರು ದಿನವಿಡೀ ನಮ್ಮ ಕನ್ನಡ ಕೇಳುತ್ತಾ ಗಾಡಿ ಓಡಿಸಿ, ಸಂಜೆ ಬಾಟಾ ಕೊಡುವಾಗ “ನಮ್ದೂ ಕನ್ನಡಾನೇರಿ, ಅಕ್ಕಲಕೋಟಿ” ಎಂದರು. ಯಾಕೆ ಮೊದಲೇ ಹೇಳಲಿಲ್ಲ ಎಂದು ದೊಡ್ಡವ್ವ ಬೈದಳು. ಗಿರಾಕಿ ಕೂಡ ಮಾತಾಡಬ್ಯಾಡ ಅಂತ ಮಾಲಕರು ಹೇಳ್ಯಾರ್ರಿ ಎಂದರು ಅವರು. ವಿಜಯಪುರ, ಕಲಬುರಗಿಯಿಂದ ಬಂದ ಕೂಲಿಯವರು ಬೆಳಿಗ್ಗೆ ಯಾವ ಯಾವ ಚೌಕಿನಲ್ಲಿ ನಿಲ್ಲುತ್ತಾರೆ, ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತವೆ ಎಂಬುದನ್ನು ಹೋಟೆಲಿನ ಬಾಗಿಲಲ್ಲಿ ನಿಂತೇ ಅವರು ಹೇಳಿದರು. ಮುಂದಿನ ಸಲ ಬುಕಿಂಗ್ ಮಾಡುವಾಗ ಟ್ರಾವೆಲ್ಸಿನವರಿಗೆ ನಾನು ಇಟ್ಟ ಷರತ್ತು ಒಂದೇ: ಡ್ರೈವರಿಗೂ ನಮ್ಮ ಜೊತೆ ಊಟ, ಮತ್ತು ಅವರು ಮಾತಾಡಲಿ.