ಬಣ್ಣದಾನೆಯ ನಾಲ್ಕನೆಯ ಕಾಲು

ಕಲೆಯು ಲೋಕೋಪಕಾರಕ್ಕೆ ಮುಂದಾದಾಗ ವಿಮರ್ಶಕನ ಲೇಖನಿ ಸಂಕೋಚಪಡುತ್ತದೆ. ಉದ್ದೇಶವು ಒಳ್ಳೆಯದಾದ ಮೇಲೆ ಕೃತಿಯ ಗುಣದೋಷಗಳನ್ನು ಎಣಿಸುವುದೇಕೆ ಎಂದು ಸಜ್ಜನರು ಕೇಳುವುದುಂಟು. ಆದರೆ ಉದ್ದೇಶದ ಪುಣ್ಯವು ಕೃತಿಗೆ ತಾನಾಗಿಯೇ ಬಂದು ಅಂಟುವುದಿಲ್ಲ. ‘ಎಲಿಫೆಂಟ್ ಪರೇಡ್’ ಎಂಬ ಪ್ರದರ್ಶನವನ್ನು ಕುರಿತು ಈ ಮಾತನ್ನು ಹೇಳದೆ ವಿಧಿಯಿಲ್ಲ.

ಇದರ ಮೂಲದಲ್ಲಿ ಒಂದು ಮರಿಯ ನೋವಿದೆ. 2006ರಲ್ಲಿ ಥಾಯ್ಲೆಂಡ್ ಮತ್ತು ಬರ್ಮಾಗಳ ಗಡಿಯ ಬಳಿ ಮೋಶಾ ಎಂಬ ಆನೆಮರಿಯು ನೆಲಬಾಂಬನ್ನು ತುಳಿದು ಮುಂಗಾಲೊಂದನ್ನು ಕಳೆದುಕೊಂಡಿತು. ಲಂಪಾಂಗಿನ ಆನೆ ಆಸ್ಪತ್ರೆಯಲ್ಲಿ ಅದಕ್ಕೆ ಕೃತಕ ಕಾಲನ್ನು ಜೋಡಿಸಿದರು. ಮರಿ ಬೆಳೆದಂತೆಲ್ಲ ಹೊಸ ಕಾಲು ಬೇಕಾಯಿತು. ಈ ಮರಿಯ ಸ್ಥಿತಿಗೆ ಮನಕರಗಿದ ಸ್ಪಿಟ್ಸ್ ಮನೆತನದ ತಂದೆ ಮತ್ತು ಮಗ 2007ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಮೊದಲ ಪ್ರದರ್ಶನವನ್ನು ನಡೆಸಿದರು. ಒಂದೇ ಅಚ್ಚಿನ ಆನೆಮರಿಯ ದೊಡ್ಡ ಪ್ರತಿಮೆಗಳನ್ನು ಕಲಾವಿದರಿಗೆ ಕೊಡುವುದು, ಅವರು ಬಣ್ಣ ಬರೆದವನ್ನು ಬೀದಿ ಚೌಕಗಳಲ್ಲಿ ನಿಲ್ಲಿಸುವುದು, ಬಳಿಕ ಹರಾಜು ಹಾಕಿ ಆನೆಗಳ ರಕ್ಷಣೆಗೆ ಹಣ ಕೂಡಿಸುವುದು ಇದರ ಕ್ರಮ. 2010ರಲ್ಲಿ ಲಂಡನ್ನಿನಲ್ಲಿ 250ಕ್ಕೂ ಹೆಚ್ಚು ಆನೆಗಳು ನಿಂತವು. 2018ರಲ್ಲಿ ಮುಂಬಯಿಗೂ ಈ ಮೆರವಣಿಗೆ ಬಂದಿತು.

ಇಲ್ಲಿ ಕಲಾವಿದನಿಗೆ ಶಿಲ್ಪಿಯ ಸ್ವಾತಂತ್ರ್ಯವಿಲ್ಲ. ಆಕಾರ ಮೊದಲೇ ಸಿದ್ಧವಾಗಿದೆ. ಅವನ ಪಾಲಿಗೆ ಉಳಿದಿರುವುದು ಚರ್ಮ ಮಾತ್ರ. ಕಿವಿಯ ಅಗಲ, ಸೊಂಡಿಲಿನ ಬಾಗು, ಹೊಟ್ಟೆಯ ಉಬ್ಬು ಇವುಗಳ ಮಾತನ್ನು ಕೇಳಿ ಕುಂಚವಾಡಿಸಿದವನು ಗೆಲ್ಲುತ್ತಾನೆ. ನಗರದ ನೋಟಗಳನ್ನೋ ಬಾವುಟಗಳನ್ನೋ ಹೂಬಳ್ಳಿಗಳನ್ನೋ ತಂದು ಹರಡಿದವನಿಗೆ ಆನೆಯು ಬರಿಯ ಗೋಡೆ. ಪರೀಕ್ಷೆ ಸುಲಭವಾದುದು: ಅದೇ ಚಿತ್ರವನ್ನು ಒಂದು ಕೊಡೆಯ ಮೇಲೆ ಬರೆದರೂ ನಷ್ಟವಿಲ್ಲವೆಂದಾದರೆ ಅಲ್ಲಿ ಆನೆಯ ಅಗತ್ಯವಿರಲಿಲ್ಲ.

ಇದಕ್ಕಿಂತ ಗಂಭೀರವಾದ ಕೊರತೆ ಬೇರೊಂದಿದೆ. ಪ್ರತಿಯೊಂದು ಪ್ರತಿಮೆಯೂ ನಾಲ್ಕು ಗಟ್ಟಿ ಕಾಲುಗಳ ಮೇಲೆ ನಿಂತಿದೆ. ಯಾವ ಕಾಲಿನ ಅಭಾವದಿಂದ ಈ ಕಾರ್ಯ ಹುಟ್ಟಿತೋ ಆ ಅಭಾವವೇ ಇಲ್ಲಿ ಕಾಣದು. ದುಃಖವನ್ನು ನಿಲ್ಲಿಸಿದರೆ ಜನ ಸೇರುವರೆ, ಹಣ ಬರುವುದೆ ಎಂಬ ಪ್ರಶ್ನೆ ನ್ಯಾಯವಾದುದೇ. ಹಣವಿಲ್ಲದೆ ಆಸ್ಪತ್ರೆ ನಡೆಯದೆಂಬುದನ್ನು ನಾವು ಬಲ್ಲೆವು. ಆದರೆ ಒಂದು ಮುಂಗಾಲನ್ನಾದರೂ ಬಣ್ಣ ಬಳಿಯದೆ ಬಿಳಿದಾಗಿ ಬಿಡಬಹುದಲ್ಲ! ನೋಡಿದ ಮಗು ‘ಈ ಕಾಲೇಕೆ ಹೀಗೆ?’ ಎಂದು ಕೇಳಿದೊಡನೆ ಮೋಶಾಳ ಕಥೆ ಆರಂಭವಾಗುತ್ತದೆ.

2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತ ಲಂಟಾನದ ಆನೆಗಳನ್ನು ಇಲ್ಲಿ ನೆನೆಯಬೇಕು. ಸೋಲಿಗರು, ಬೆಟ್ಟಕುರುಬರು ಮೊದಲಾದ ಕಾಡಿನ ಜನರು ಹೆಣೆದ ಆ ಆನೆಗಳಿಗೆ ಬಣ್ಣವೇ ಇರಲಿಲ್ಲ. ಆನೆಯ ಮೇವನ್ನು ನುಂಗಿ ಹಬ್ಬುವ ಕಳೆಯೇ ಅಲ್ಲಿ ಆನೆಯ ಮೈಯಾಗಿತ್ತು. ಅವರು ಬಲ್ಲ ಜೀವಂತ ಆನೆಗಳೇ ಅವಕ್ಕೆ ಮಾದರಿ. ಅಲ್ಲಿ ವಸ್ತುವೇ ವಿಷಯವನ್ನು ನುಡಿಯಿತು.

ಹಾಗೆಂದು ಬಣ್ಣವು ತ್ಯಾಜ್ಯವೆಂದಲ್ಲ. ಬಿಳಿಯ ಪ್ರತಿಮೆಯ ಮುಂದೆ ಕುಂಚ ಹಿಡಿದು ನಿಲ್ಲುವ ತರುಣ ಕಲಾವಿದರು, ಏನನ್ನು ಬರೆಯಲಿ ಎಂಬುದಕ್ಕಿಂತ ಮೊದಲು ಇದು ಯಾರ ಮೈ ಎಂದು ಕೇಳಿಕೊಳ್ಳಲಿ.