ಕಾಫಿ ತಂದುಕೊಡುವ ಯಂತ್ರದ ಮುಂದೆ ಮನುಷ್ಯ

ಮನುಷ್ಯರೂ ಮನುಷ್ಯರೂಪದ ಯಂತ್ರಗಳೂ ಒಂದೇ ಮನೆಯಲ್ಲಿ ಬಾಳುವ ಕಥೆಯನ್ನು ಜಪಾನಿನ ಅನಿಮೆ ಅರವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದೆ. ಒಸಾಮು ತೆಜುಕಾ 1952ರಲ್ಲಿ ಮಾಂಗಾ ರೂಪದಲ್ಲಿ ಶುರುಮಾಡಿದ ‘ಆಸ್ಟ್ರೋ ಬಾಯ್’ 1963ರ ಜನವರಿ 1ರಂದು ಟಿವಿಗೆ ಬಂದಾಗ ಈ ಪರಂಪರೆಗೆ ಅಡಿಪಾಯ ಬಿತ್ತು. ಅಂದಿನಿಂದ ಬಂದ ಹೆಚ್ಚಿನ ಕೃತಿಗಳು ಒಂದೇ ಪ್ರಶ್ನೆಯ ಸುತ್ತ ಸುತ್ತಿವೆ: ಯಂತ್ರಕ್ಕೆ ಮನಸ್ಸಿದೆಯೇ? ಕೇಳಲು ಗಂಭೀರವಾದ ಪ್ರಶ್ನೆ. ಆದರೆ ಹೀಗೆ ಕೇಳಿದೊಡನೆ ಪರೀಕ್ಷೆ ಬರೆಯಬೇಕಾದದ್ದು ಯಂತ್ರವೆಂದೂ ಅಂಕ ಕೊಡುವವನು ಮನುಷ್ಯನೆಂದೂ ತೀರ್ಮಾನವಾಗಿಬಿಡುತ್ತದೆ. ಯಾಸುಹಿರೊ ಯೊಶಿಉರಾ 2008–09ರಲ್ಲಿ ಆರು ಕಂತುಗಳಾಗಿ ನಿರ್ದೇಶಿಸಿ, 2010ರಲ್ಲಿ ಚಲನಚಿತ್ರವಾಗಿ ಹೆಣೆದ ‘ಟೈಮ್ ಆಫ್ ಈವ್’ ಈ ಏರ್ಪಾಟನ್ನೇ ತಲೆಕೆಳಗು ಮಾಡುತ್ತದೆ. ಯಂತ್ರದ ಒಳಗೆ ಏನಿದೆಯೋ ಇರಲಿ, ಅದರ ಮುಂದೆ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂದು ಅದು ನೋಡುತ್ತದೆ. ಈ ಪರಂಪರೆಯ ನಿಜವಾದ ಬಲ ಇರುವುದು ಇಲ್ಲಿಯೇ ಎಂಬುದು ನನ್ನ ವಾದ.

ಕಥೆಯ ಜಗತ್ತಿನಲ್ಲಿ ಆಂಡ್ರಾಯ್ಡ್‌ಗಳು ಮನೆಗೆಲಸದ ಉಪಕರಣಗಳು. ನೋಡಲು ಮನುಷ್ಯರಂತೆಯೇ ಇರುವುದರಿಂದ ಅವುಗಳ ತಲೆಯ ಮೇಲೆ ಬೆಳಕಿನ ಬಳೆಯೊಂದು ಸದಾ ತೇಲುತ್ತಿರಬೇಕು. ಅವುಗಳನ್ನು ಹಚ್ಚಿಕೊಂಡವರನ್ನು ಸಮಾಜ ಕೀಳಾಗಿ ಕಾಣುತ್ತದೆ. ನೀತಿ ಸಮಿತಿಯೆಂಬ ಸಂಸ್ಥೆ ಅಂಥವರ ವಿರುದ್ಧ ಪ್ರಚಾರ ನಡೆಸುತ್ತದೆ. ಪ್ರೌಢಶಾಲೆಯ ಹುಡುಗ ರಿಕುಒ ತನ್ನ ಮನೆಯ ಆಂಡ್ರಾಯ್ಡ್ ಸ್ಯಾಮಿಯ ಚಟುವಟಿಕೆಯ ದಾಖಲೆಯಲ್ಲಿ ಅರ್ಥವಾಗದ ಸಾಲೊಂದನ್ನು ಕಂಡು, ಗೆಳೆಯ ಮಸಾಕಿಯೊಂದಿಗೆ ಜಾಡು ಹಿಡಿದು ಒಂದು ಕೆಫೆಗೆ ಬರುತ್ತಾನೆ. ಮನುಷ್ಯ–ಯಂತ್ರ ಭೇದ ಮಾಡಕೂಡದು, ಅಷ್ಟೇ ಅಲ್ಲಿನ ನಿಯಮ. ಒಳಗೆ ಬಂದವರ ತಲೆಯ ಮೇಲೆ ಬಳೆ ಇರುವುದಿಲ್ಲ. ಅಲ್ಲಿ ಕಲಕಲ ಮಾತಾಡುತ್ತಿದ್ದ ಅಕಿಕೊ ಎಂಬ ಹುಡುಗಿ, ಆಮೇಲೆ ಒಡೆಯರ ಕೆಲಸಕ್ಕೆಂದು ಶಾಲೆಗೆ ಬಂದಾಗ, ತಲೆಯ ಮೇಲೆ ಬಳೆ ಹೊತ್ತು, ಮುಖದಲ್ಲಿ ಯಾವ ಭಾವವೂ ಇಲ್ಲದೆ, ಗುರುತೇ ಇಲ್ಲದವಳಂತೆ ಹಾದುಹೋಗುತ್ತಾಳೆ. ರಿಕುಒಗೆ ಆಗುವುದು ಭಯವಲ್ಲ, ನಾಚಿಕೆ. ಮನೆಯಲ್ಲಿ ಕಾಫಿ ಕೊಟ್ಟ ಸ್ಯಾಮಿಗೆ ಇಷ್ಟು ದಿನ ತಾನು ಒಂದು ಒಳ್ಳೆಯ ಮಾತನ್ನೂ ಆಡಿಲ್ಲವೆಂಬುದು ಅವನಿಗೆ ಕಾಣತೊಡಗುತ್ತದೆ. ಮನೆಗೆಲಸದವರಿಗೆಂದು ಬೇರೆ ಲೋಟ ಇಡುವ ಅಡುಗೆಮನೆಗಳನ್ನು ಬಲ್ಲ ನಮಗೆ ಈ ನಾಚಿಕೆ ಭವಿಷ್ಯದ ಕಲ್ಪನೆಯೆನಿಸುವುದಿಲ್ಲ.

ಈ ವಾದಕ್ಕೆ ಗಟ್ಟಿ ಸಾಕ್ಷಿಗಳು ಎರಡು ಪ್ರಸಂಗಗಳು. ಮೊದಲನೆಯದು ಕಟೊರಾನ್ ಎಂಬ ಹಳೆಯ ರೋಬೋ ಕೆಫೆಗೆ ಬರುವ ಕಂತು. ಅವನಿಗೆ ಮನುಷ್ಯನ ಮೈಯಿಲ್ಲ, ಬರೀ ಲೋಹ; ಒಡೆಯರು ಗುರುತು ಅಳಿಸಿ ಬಿಸಾಡಿದ್ದಾರೆ. ಭೇದ ಮಾಡುವುದಿಲ್ಲವೆಂದು ಕೂತಿದ್ದವರೆಲ್ಲ ಅವನನ್ನು ಕಂಡು ತಡವರಿಸುತ್ತಾರೆ. ಚೆಂದದ ಮುಖವಿದ್ದ ಯಂತ್ರದೊಡನೆ ಸಮಾನತೆ ಸುಲಭ, ಡಬ್ಬದಂಥ ಯಂತ್ರದೊಡನೆ ಕಷ್ಟ: ತನ್ನ ನೋಡುಗರ ಮರುಕ ಕೂಡ ಎಷ್ಟು ಮುಖ ನೋಡಿ ಮಣೆ ಹಾಕುವಂಥದ್ದು ಎಂಬುದನ್ನು ಕೃತಿ ಇಲ್ಲಿ ಮುಲಾಜಿಲ್ಲದೆ ತೋರಿಸುತ್ತದೆ. ಎರಡನೆಯದು ಮಸಾಕಿಯ ಕಥೆ. ಅವನನ್ನು ಚಿಕ್ಕಂದಿನಲ್ಲಿ ನೋಡಿಕೊಂಡ ರೋಬೋ ಟೆಕ್ಸ್, ಅಪ್ಪನ ಆಜ್ಞೆಯಿಂದಾಗಿ ವರ್ಷಗಟ್ಟಲೆ ಒಂದು ಮಾತೂ ಆಡಿಲ್ಲ. ಅಪ್ಪ ನೀತಿ ಸಮಿತಿಯವನು. ಆ ಮೌನವನ್ನು ತಿರಸ್ಕಾರವೆಂದು ತಿಳಿದ ಹುಡುಗ, ಯಂತ್ರಗಳೆಂದರೆ ಇಷ್ಟೇ ಎಂದು ಮನಸ್ಸು ಕಲ್ಲುಮಾಡಿಕೊಂಡಿದ್ದಾನೆ. ಕೊನೆಯ ಕಂತಿನಲ್ಲಿ ಅವನಿಗೆ ಅಪಾಯ ಬಂದಾಗ ಟೆಕ್ಸ್ ಮಾತಾಡುತ್ತಾನೆ. ಐಸಾಕ್ ಅಸಿಮೊವ್ 1942ರಲ್ಲಿ ಕಥೆಯೊಂದಕ್ಕಾಗಿ ರೂಪಿಸಿದ ರೋಬೋಗಳ ಮೂರು ನಿಯಮಗಳನ್ನೇ ಈ ಜಗತ್ತೂ ಪಾಲಿಸುತ್ತದೆ. ಮನುಷ್ಯನಿಗೆ ಕೇಡಾಗದಂತೆ ನೋಡಿಕೊಳ್ಳಬೇಕೆಂಬ ಮೊದಲ ನಿಯಮ, ಆಜ್ಞೆ ಪಾಲಿಸಬೇಕೆಂಬ ಎರಡನೆಯದನ್ನು ಮೀರುತ್ತದೆ. ಹಾಗಾಗಿ ಟೆಕ್ಸ್ ಬಾಯಿಬಿಟ್ಟದ್ದನ್ನು ಪ್ರೀತಿಯೆನ್ನದೆ, ಬರೀ ನಿಯಮದ ಲೆಕ್ಕದಿಂದಲೂ ಪೂರ್ತಿಯಾಗಿ ವಿವರಿಸಬಹುದು. ಯೊಶಿಉರಾ ಆ ದಾರಿಯನ್ನು ಬೇಕೆಂದೇ ತೆರೆದಿಟ್ಟಿದ್ದಾರೆ. ಸಂಶಯಕ್ಕೆ ಎಡೆಯೇ ಇಲ್ಲದ್ದು ಮಸಾಕಿಯ ಅಳು ಮಾತ್ರ, ಮತ್ತು ಮಾತಾಡದಂತೆ ಆಜ್ಞೆ ಮಾಡಿದ ತಂದೆಯ ಕ್ರೌರ್ಯ.

ಇದಕ್ಕೆ ಬರುವ ಆಕ್ಷೇಪ ಸಣ್ಣದಲ್ಲ. ಮನಸ್ಸಿಲ್ಲದ ವಸ್ತುವಿನ ಮೇಲೆ ನಮ್ಮ ಭಾವವನ್ನು ಹೊರಿಸಿ, ಆಮೇಲೆ ಅದರ ದುಃಖಕ್ಕೆ ನಾವೇ ಕಣ್ಣೀರು ಹಾಕುವುದು ಭಾವುಕತೆಯಲ್ಲವೇ? ಯಂತ್ರವನ್ನು ತುಳಿತಕ್ಕೊಳಗಾದ ಮನುಷ್ಯರ ಸ್ಥಾನದಲ್ಲಿ ನಿಲ್ಲಿಸಿದರೆ ಆ ಮನುಷ್ಯರ ನೋವು ಹಗುರವಾಗುವುದಿಲ್ಲವೇ? ‘ಆಸ್ಟ್ರೋ ಬಾಯ್’ ಬಗ್ಗೆ ಈ ಮಾತಿನಲ್ಲಿ ಹುರುಳಿದೆ. ಅಲ್ಲಿ ರೋಬೋ ನೇರವಾಗಿ ವರ್ಣಭೇದದ ರೂಪಕವಾಗಿ ಬರುತ್ತದೆ. ‘ಟೈಮ್ ಆಫ್ ಈವ್’ ಮಟ್ಟಿಗೆ ನಾನು ಇದನ್ನು ಒಪ್ಪಲಾರೆ. ಪ್ರಾಣಿಗಳನ್ನು ಹಿಂಸಿಸುವವನು ಮನುಷ್ಯರ ವಿಷಯದಲ್ಲೂ ಕಠಿಣನಾಗುತ್ತಾನೆಂದು ತತ್ತ್ವಜ್ಞಾನಿ ಕಾಂಟ್ ವಾದಿಸಿದ್ದ. ಅದಕ್ಕೆ ಪ್ರಾಣಿಗೆ ಹಕ್ಕಿದೆಯೆಂದು ಅವನು ಒಪ್ಪಬೇಕಾಗಿರಲಿಲ್ಲ. ಈ ಕೃತಿಯ ತರ್ಕವೂ ಅಂಥದ್ದೇ. ಕೃತಜ್ಞತೆ ಹೇಳದೆ ಸೇವೆ ಪಡೆಯುವುದು ರೂಢಿಯಾದ ಮನೆಯಲ್ಲಿ ಬೆಳೆದ ಮಕ್ಕಳು ಎಂಥವರಾಗುತ್ತಾರೆ ಎಂದು ಅದು ಕೇಳುತ್ತದೆ. ಉತ್ತರಕ್ಕೆ ಸ್ಯಾಮಿಯ ಒಳಮನಸ್ಸನ್ನು ಬಗೆದು ನೋಡಬೇಕಿಲ್ಲ.

ಇನ್ನೊಂದು ವಿವರಣೆಯನ್ನು ಪಾಶ್ಚಾತ್ಯ ಲೇಖಕರಿಂದ ಹಿಡಿದು ಜಪಾನೀಯರವರೆಗೆ ಹಲವರು ಒಪ್ಪಿಕೊಂಡಂತಿದೆ: ಶಿಂಟೊ ಧರ್ಮ ವಸ್ತುಗಳಲ್ಲೂ ಚೈತನ್ಯ ಕಾಣುವುದರಿಂದ ಜಪಾನೀಯರಿಗೆ ರೋಬೋಗಳೊಡನೆ ಸಹಬಾಳ್ವೆ ಸಹಜ ಎಂಬುದು. ಕೃತಿಗಳೇ ಇದನ್ನು ಸುಳ್ಳಾಗಿಸುತ್ತವೆ. ‘ಆಸ್ಟ್ರೋ ಬಾಯ್’ನಲ್ಲಿ ಸತ್ತ ಮಗನ ಬದಲಿಗೆಂದು ರೋಬೋ ಬಾಲಕ ಆಟಮ್‌ನನ್ನು ತಯಾರಿಸಿದ ಡಾಕ್ಟರ್ ತೆನ್ಮಾ, ಅವನು ಬೆಳೆಯುವುದಿಲ್ಲವೆಂದು ತಿಳಿದಾಗ ಸರ್ಕಸ್ಸಿಗೆ ಮಾರುತ್ತಾನೆ. ಅದೇ ಆಟಮ್ ಕಥೆಯೊಂದನ್ನು ನಾಒಕಿ ಉರಾಸಾವಾ ಮರುಸೃಷ್ಟಿಸಿದ ‘ಪ್ಲೂಟೊ’ 2023ರಲ್ಲಿ ಅನಿಮೆಯಾಯಿತು. ಅದರಲ್ಲಿ ಪಿಯಾನೊ ಕಲಿಯಬಯಸುವ ಯುದ್ಧದ ರೋಬೋವನ್ನು ಕುರುಡ ಸಂಗೀತಗಾರ ಮೊದಲು ಅಟ್ಟಲು ನೋಡುತ್ತಾನೆ. ‘ಟೈಮ್ ಆಫ್ ಈವ್’ನ ರಿಕುಒ ಕೂಡ ಯಂತ್ರವೊಂದರ ವಾದನ ಕೇಳಿದ ಮೇಲೆ ಪಿಯಾನೊ ಬಿಟ್ಟವನೇ. ಹಗೆ, ಅಸೂಯೆ, ಕೈಬಿಡುವುದು ಇವೇ ಈ ಪರಂಪರೆಯ ತಿರುಳು. ಜಪಾನೀಯರ ಮನೋಧರ್ಮವೆಂದು ಮಾತು ಮುಗಿಸಿದರೆ ಈ ಕಥೆಗಳು ಸಹಬಾಳ್ವೆಯನ್ನು ಎಷ್ಟು ಕಷ್ಟಪಟ್ಟು ಸಂಪಾದಿಸುತ್ತವೆ ಎಂಬುದೇ ಮರೆಯಾಗುತ್ತದೆ.

ಪರಂಪರೆಯ ದೊಡ್ಡ ದೋಷ ಬೇರೆ ಕಡೆ ಇದೆ. ಯಂತ್ರಕ್ಕೆ ಒಡೆಯನಿದ್ದಾನೆ, ಅದನ್ನು ತಯಾರಿಸಿ ಮಾರಿದ ಕಂಪನಿಯೂ ಇದೆ. ಆದರೆ ಕಥೆಗಳು ಕಣ್ಣೀರಿನ ಹೊತ್ತಿಗೆ ಆ ಕಂಪನಿಯನ್ನು ಮರೆತುಬಿಡುತ್ತವೆ. 2015ರ ‘ಪ್ಲಾಸ್ಟಿಕ್ ಮೆಮೊರೀಸ್’ನಲ್ಲಿ ಆಂಡ್ರಾಯ್ಡ್‌ಗಳ ಆಯುಷ್ಯ ಗರಿಷ್ಠ 81,920 ಗಂಟೆ, ಅಂದರೆ ಒಂಬತ್ತು ವರ್ಷ ಚಿಲ್ಲರೆ. ಅವಧಿ ಮುಗಿಯುವ ಮುನ್ನ ಕಂಪನಿಯವರು ಬಂದು ಕುಟುಂಬದಿಂದ ಅವನ್ನು ವಾಪಸು ಪಡೆಯುತ್ತಾರೆ. ಇದು ಸರಕಿನ ದೋಷ. ಕಥೆಯಾದರೋ ಅದನ್ನು ವಾಸಿಯಾಗದ ಕಾಯಿಲೆಯಂತೆ, ವಿಧಿಯಂತೆ ನಿರೂಪಿಸುತ್ತದೆ. ಇಂಥದ್ದನ್ನು ಮನೆಗಳಿಗೆ ಮಾರಿದ್ದೇಕೆಂಬ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ. ‘ಚೋಬಿಟ್ಸ್’ ಕಸದ ರಾಶಿಯಲ್ಲಿ ಸಿಕ್ಕ ಹೆಣ್ಣುರೂಪದ ಕಂಪ್ಯೂಟರನ್ನು ನಾಯಕಿಯಾಗಿಸುತ್ತದೆ. ಆಸ್ತಿಯಾಗಿರುವವಳು ಪ್ರೇಮಕ್ಕೆ ಒಪ್ಪುವುದೆಂದರೇನೆಂದು ಸಾಕಷ್ಟು ಯೋಚಿಸುವುದಿಲ್ಲ. ‘ಟೈಮ್ ಆಫ್ ಈವ್’ ಕೂಡ ಈ ದೋಷದಿಂದ ಪಾರಾಗಿಲ್ಲ. ಕೆಫೆಯ ಬಾಗಿಲು ದಾಟಿದೊಡನೆ ಅಕಿಕೊ ಮತ್ತೆ ಯಾರದೋ ಸ್ವತ್ತು. ನೆಲಮಾಳಿಗೆಯ ಒಂದು ಕೋಣೆಯಲ್ಲಿ ಸಿಕ್ಕ ಸಮಾನತೆ ಬೀದಿಗೆ ಬರುವ ದಾರಿ ಯಾವುದೆಂದು ಕೃತಿ ಹೇಳುವುದಿಲ್ಲ. ಕೆಫೆಯ ಪೂರ್ವಕಥೆಯ ಸುಳಿವುಗಳನ್ನು ಕೊಟ್ಟು ನಿಲ್ಲಿಸುತ್ತದೆ. ಮಾತಾಡುವ ತಂತ್ರಾಂಶಗಳೊಡನೆ ಜನರ ಸಲುಗೆಯನ್ನೇ ಕಂಪನಿಗಳು ವ್ಯಾಪಾರ ಮಾಡಿಕೊಳ್ಳುತ್ತಿರುವ ಇಂದು ಈ ಕೊರತೆ ಮೊದಲಿಗಿಂತ ಹೆಚ್ಚು ಕಾಡುತ್ತದೆ.

ಅದನ್ನು ತುಂಬುವ ಯತ್ನ 2023ರ ‘ದಿ ಜೀನ್ ಆಫ್ ಎಐ’ನಲ್ಲಿದೆ. ಅಲ್ಲಿ ಜನಸಂಖ್ಯೆಯ ಹತ್ತರಲ್ಲೊಂದು ಪಾಲು ಹ್ಯೂಮನಾಯ್ಡ್‌ಗಳು; ಅವರು ಹಕ್ಕುಳ್ಳ ನಾಗರಿಕರು, ಕಾಯಿಲೆಯಾದರೆ ವೈದ್ಯರ ಬಳಿಗೆ ಹೋಗುತ್ತಾರೆ. ಆದರೆ ಕೆಲಸಕ್ಕೆಂದೇ ತಯಾರಾದ ಬೇರೆ ರೋಬೋಗಳಿಗೆ ಆ ಹಕ್ಕಿಲ್ಲ. ಗೆರೆ ಅಳಿಸಿಲ್ಲ, ಜಾಗ ಬದಲಿಸಿದೆ ಅಷ್ಟೇ. ಕಲೆಯಾಗಿ ಇದು ಯೊಶಿಉರಾರ ಕೃತಿಯಷ್ಟು ನಯವಾಗಿಲ್ಲ, ಕೆಲವು ಪ್ರಕರಣಗಳು ಅವಸರದಲ್ಲಿ ಮುಗಿಯುತ್ತವೆ. ಆದರೂ ಕಾನೂನು ಮತ್ತು ಮಾರುಕಟ್ಟೆಯ ಪ್ರಶ್ನೆಯನ್ನು ಅದು ತಪ್ಪಿಸಿಕೊಳ್ಳುವುದಿಲ್ಲ. ಮನುಷ್ಯನ ನಡತೆಯನ್ನು ಇಷ್ಟು ಹತ್ತಿರದಿಂದ ನೋಡಿದ ಕೃತಿಯಾಗಿ ‘ಟೈಮ್ ಆಫ್ ಈವ್’ ಈ ಪರಂಪರೆಯಲ್ಲಿ ನನಗೆ ಎಲ್ಲಕ್ಕಿಂತ ಮೇಲಿನದು. ಅದನ್ನು ಮೊದಲು ನೋಡಿ, ಆಮೇಲೆ ‘ದಿ ಜೀನ್ ಆಫ್ ಎಐ’ಯನ್ನು ನೋಡಿ, ಒಂದು ಬಿಟ್ಟ ಪ್ರಶ್ನೆಯನ್ನು ಇನ್ನೊಂದು ಎತ್ತಿಕೊಳ್ಳುತ್ತದೆ.